ಚೌಕಟ್ಟು ಕೊಂಡರು, ಜಗಳ ಸಿಗಲಿಲ್ಲ

ಟಿವಿ ಜಗತ್ತಿನಲ್ಲಿ ಕಾರ್ಯಕ್ರಮಗಳಷ್ಟೇ ಜೋರಾಗಿ ಅವುಗಳ ನೀಲನಕ್ಷೆಯೂ ಮಾರಾಟವಾಗುತ್ತದೆ. 1998ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಕ್ವಿಜ್ ಒಂದು 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ಯಾಗಿ ನಮ್ಮ ಮನೆಗೆ ಬಂತು. ನೆದರ್ಲೆಂಡ್ಸಿನ ‘ಬಿಗ್ ಬ್ರದರ್’ ಮರುವರ್ಷ ಕನ್ನಡದ ‘ಬಿಗ್ ಬಾಸ್’ ಆಯಿತು. ಎರಡೂ ಪರದೇಶದ ಸರಕೆಂದು ನಮಗೆ ಅನ್ನಿಸಲೇ ಇಲ್ಲ. ಕೋಟ್ಯಧಿಪತಿಯಲ್ಲಿ ಪುನೀತ್ ರಾಜ್‌ಕುಮಾರ್ ಎದುರು ಕೂತವರು ತಮ್ಮ ಊರು, ತಮ್ಮ ಸಾಲ, ತಮ್ಮ ಕನಸು ಹೇಳಿಕೊಂಡರು. ಕುರ್ಚಿ ಹೊರಗಿನದು, ಕತೆ ಇಲ್ಲಿನದು. ಹಾಗಾದರೆ ಏನನ್ನು ಬೇಕಾದರೂ ಹೀಗೆ ಕೊಂಡು ತರಬಹುದೆ? ಆಗದು ಎನ್ನುವವರಿಗೆ ಒಳ್ಳೆಯ ಸಾಕ್ಷಿ ಆಸ್ಟ್ರೇಲಿಯಾದ ‘ಟಾಪ್ ಗೇರ್’.

ಮೂಲ ‘ಟಾಪ್ ಗೇರ್’ 1977ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಶುರುವಾದ ಬಿಬಿಸಿಯ ಸಾಧುಸ್ವಭಾವದ ಕಾರ್ಯಕ್ರಮ. ಯಾವ ಕಾರು ಕೊಳ್ಳಬೇಕು, ಸುರಕ್ಷಿತವಾಗಿ ಓಡಿಸುವುದು ಹೇಗೆ ಎಂದು ತಿಳಿಹೇಳುತ್ತಿತ್ತು. 2001ರಲ್ಲಿ ನಿಂತೂ ಹೋಯಿತು. ಮರುವರ್ಷ ಜೆರೆಮಿ ಕ್ಲಾರ್ಕ್ಸನ್ ಮತ್ತು ಅವನ ಶಾಲೆಯ ಗೆಳೆಯ, ನಿರ್ಮಾಪಕ ಆಂಡಿ ವಿಲ್ಮನ್ ಅದನ್ನು ಬುಡಸಮೇತ ಬದಲಿಸಿದರು. ಸರ್ರೆಯ ಡನ್ಸ್‌ಫೋಲ್ಡ್ ಎಂಬ ಹಳೆಯ ವಿಮಾನ ನಿಲ್ದಾಣವೇ ಟ್ರ್ಯಾಕ್. ಹೆಲ್ಮೆಟ್ ತೆಗೆಯದ, ಬಾಯಿ ಬಿಡದ ‘ಸ್ಟಿಗ್’ ಎಂಬ ನಿಗೂಢ ಚಾಲಕ. ಅಗ್ಗದ ಸುಜುಕಿ ಲಿಯಾನಾದಲ್ಲಿ ಒಂದು ಸುತ್ತು ಹೊಡೆಯುವ ಸಿನಿಮಾ ತಾರೆ. ರಿಚರ್ಡ್ ಹ್ಯಾಮಂಡ್ ಜತೆಗಿದ್ದ, 2003ರಲ್ಲಿ ಜೇಮ್ಸ್ ಮೇ ಬಂದು ಸೇರಿದ. ಅಲ್ಲಿಂದಾಚೆ ಕಾರು ಬರೀ ನೆಪವಾಯಿತು. ಮೂವರು ನಡುವಯಸ್ಕರು ಪರಸ್ಪರ ಕಾಲೆಳೆಯುವುದೇ ಕಾರ್ಯಕ್ರಮವಾಯಿತು.

ಆಸ್ಟ್ರೇಲಿಯಾದ ಎಸ್‌ಬಿಎಸ್ ವಾಹಿನಿಯಲ್ಲಿ ಈ ಬ್ರಿಟಿಷ್ ಕಾರ್ಯಕ್ರಮಕ್ಕೆ ದೊಡ್ಡ ಬಳಗವಿತ್ತು. ನಮ್ಮದೇ ಒಂದು ಇರಲಿ ಎಂದು ವಾಹಿನಿ ಪರವಾನಗಿ ಪಡೆದು 2008ರ ಸೆಪ್ಟೆಂಬರ್‌ನಲ್ಲಿ ‘ಟಾಪ್ ಗೇರ್ ಆಸ್ಟ್ರೇಲಿಯಾ’ ಆರಂಭಿಸಿತು. ಮೂರು ಕುರ್ಚಿಗೆ ಮೂವರನ್ನು ಹುಡುಕಿದರು: ರೇಸಿಂಗ್ ಹಿನ್ನೆಲೆಯ ಚಾರ್ಲಿ ಕಾಕ್ಸ್, ವ್ಯಂಗ್ಯಚಿತ್ರಕಾರ ವಾರೆನ್ ಬ್ರೌನ್, ಚಾಲನಾ ತರಬೇತುದಾರ ಸ್ಟೀವ್ ಪಿಝಾಟಿ. ಸ್ಟಿಗ್‌ಗೆ ಒಬ್ಬ ಆಸ್ಟ್ರೇಲಿಯನ್ ದಾಯಾದಿ ಬಂದ. ತಾರೆಯರಿಗೆ ಮಲೇಷ್ಯಾದ ಪ್ರೋಟಾನ್ ಸಟ್ರಿಯಾ ನಿಯೋ ಸಿಕ್ಕಿತು. ಪಟ್ಟಿಯಲ್ಲಿದ್ದ ಸಾಮಾನೆಲ್ಲ ಬಂದಿಳಿಯಿತು, ನಗು ಮಾತ್ರ ಬರಲಿಲ್ಲ. ಎರಡನೇ ಸರಣಿಗೆ ಕಾಕ್ಸ್ ಹೋಗಿ ಜಾಝ್ ತುತ್ತೂರಿಗಾರ ಜೇಮ್ಸ್ ಮಾರಿಸನ್ ಬಂದರು. ಬಳಿಕ ಕಾರ್ಯಕ್ರಮವೇ ನೈನ್ ನೆಟ್‌ವರ್ಕ್‌ಗೆ ಹೋಯಿತು. ಪಿಝಾಟಿ ಜತೆ ನಟ ಶೇನ್ ಜೇಕಬ್ಸನ್ ಮತ್ತು ಯುವೆನ್ ಪೇಜ್ ಕೂತರು. 2011ರಲ್ಲಿ ಅಂಗಡಿ ಮುಚ್ಚಿತು.

ಈ ಮೂವರೂ ಆ ಮೂವರೂ ದಡ್ಡರಲ್ಲ. ತಪ್ಪು ಎಣಿಕೆಯಲ್ಲಿತ್ತು. ಕೋಟ್ಯಧಿಪತಿಯಂಥ ಆಟದಲ್ಲಿ ಕತೆ ತರುವವರು ಸ್ಪರ್ಧಿಗಳು. ಪ್ರತಿ ವಾರ ಹೊಸ ಮುಖ ಬಂದು ಆ ಪಾತ್ರೆ ತುಂಬುತ್ತದೆ. ‘ಟಾಪ್ ಗೇರ್’ನಲ್ಲಿ ನಿರೂಪಕರೇ ಕತೆ. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯ ಎಲ್ಲ ಮೇಳಕ್ಕೂ ಒಂದೇ, ಆದರೆ ಆ ರಾತ್ರಿ ನಿಲ್ಲುವುದು ಅರ್ಥಧಾರಿಯ ಮಾತಿನ ಮೇಲೆ. ಎದುರು ಕೂತವನ ಮರ್ಮ ಬಲ್ಲವನಿಗಷ್ಟೇ ಅವನನ್ನು ಕೆಣಕುವುದು ಗೊತ್ತು. ಕ್ಲಾರ್ಕ್ಸನ್ ಬಳಗದ ಹರಟೆಯೂ ಬಹುಪಾಲು ಬರೆದಿಟ್ಟುಕೊಂಡದ್ದೇ. ಆದರೆ ತಮ್ಮ ಹುಳುಕುಗಳನ್ನು ತಾವೇ ಬಲ್ಲವರು ತಮಗಾಗಿ ಬರೆದುಕೊಂಡದ್ದು. ಬಿಬಿಸಿ ಮಾರಿದ್ದು ಪ್ರಸಂಗದ ಪುಸ್ತಕ. ಅರ್ಥಗಾರಿಕೆಗೆ ಪರವಾನಗಿ ಕೊಡಲು ಅದಕ್ಕೂ ಸಾಧ್ಯವಿರಲಿಲ್ಲ.

ಸೋಜಿಗವೆಂದರೆ ಆಸ್ಟ್ರೇಲಿಯಾದಲ್ಲಿ ಜಗಳಕ್ಕೆ ಬರವಿರಲಿಲ್ಲ. ಹೋಲ್ಡನ್ನೋ ಫೋರ್ಡೋ ಎಂದು ಮನೆಮನೆಯೇ ಇಬ್ಭಾಗವಾಗುತ್ತಿದ್ದ ದೇಶ ಅದು. ಬಾಥರ್ಸ್ಟ್ ರೇಸಿನ ದಿನ ಆ ಪಕ್ಷಪಾತ ತಾರಕಕ್ಕೇರುತ್ತಿತ್ತು. ಕಾರ್ಯಕ್ರಮ ಬ್ರಿಟನ್ನಿನತ್ತ ಕತ್ತು ಹೊರಳಿಸುವುದನ್ನು ಬಿಟ್ಟು ಈ ಬೆಂಕಿಗೇ ಮೈಯೊಡ್ಡಿ ಕೂರಬಹುದಿತ್ತು. 2024ರಲ್ಲಿ ಹೊಸ ಮೂವರೊಂದಿಗೆ ಸ್ಟ್ರೀಮಿಂಗ್‌ನಲ್ಲಿ ‘ಟಾಪ್ ಗೇರ್ ಆಸ್ಟ್ರೇಲಿಯಾ’ ಮತ್ತೆ ಹುಟ್ಟುವ ಹೊತ್ತಿಗೆ ದೇಶದಲ್ಲಿ ಫೋರ್ಡ್, ಟೊಯೊಟಾ, ಹೋಲ್ಡನ್ ಮೂರೂ ಕಾರು ತಯಾರಿಕೆ ನಿಲ್ಲಿಸಿ ವರ್ಷಗಳೇ ಆಗಿದ್ದವು.

ಗೆದ್ದವರು ಏನು ಮಾಡಿದರು? ಅಮೆರಿಕದ ಆವೃತ್ತಿ 2010ರಲ್ಲಿ ಹಿಸ್ಟರಿ ವಾಹಿನಿಯಲ್ಲಿ ಶುರುವಾದಾಗ ಅದೂ ನಕಲೇ. ಚಂದ್ರನ ಮೇಲೆ ನಡೆದ ಬಝ್ ಆಲ್ಡ್ರಿನ್ ಅವರನ್ನು ಮೊದಲ ಕಂತಿಗೇ ಕರೆದು ಸುಜುಕಿ ಎಸ್‌ಎಕ್ಸ್4 ಕೊಟ್ಟು ಓಡಿಸಿದರು. ಬರಬರುತ್ತ ಸ್ಟುಡಿಯೊ, ತಾರೆಯರ ಸುತ್ತು ಎಲ್ಲವನ್ನೂ ಕೈಬಿಟ್ಟು ಹಳೇ ಗಾಡಿಗಳಲ್ಲಿ ತಮ್ಮದೇ ದೇಶದ ಉದ್ದನೆಯ ರಸ್ತೆಗಳಿಗೆ ಇಳಿದರು. ಆರು ಸರಣಿ ಬಾಳಿತು. 2015ರಲ್ಲಿ ಬಂದ ಫ್ರೆಂಚ್ ಆವೃತ್ತಿ ತಾರೆಯರಿಗೆ ಡಾಸಿಯಾ ಸ್ಯಾಂಡೆರೊ ಕೊಟ್ಟಿತು. ಬ್ರಿಟಿಷ್ ಕಾರ್ಯಕ್ರಮದಲ್ಲಿ ಜೇಮ್ಸ್ ಮೇ ಬಾಯಲ್ಲಿ ಬರೀ ಚಟಾಕಿಯಾಗಿದ್ದ ಕಾರು ಅದು. ಫ್ರಾನ್ಸಿನಲ್ಲಿ ಮಾತ್ರ ಸಂಸಾರಸ್ಥರು ಲೆಕ್ಕ ಹಾಕಿ ಕೊಳ್ಳುವ ಕಾರು. ಕಾರು ಬದಲಾಗದಿದ್ದರೂ ಹಾಸ್ಯದ ಮುಖ ಬದಲಾಯಿತು.

ಇದೇ ಪಾಠವನ್ನು ಕೊನೆಗೆ ಬಿಬಿಸಿಯೂ ಕಲಿಯಬೇಕಾಯಿತು. ನಿರ್ಮಾಪಕನೊಬ್ಬನ ಮೇಲೆ ಕೈಮಾಡಿದ್ದಕ್ಕೆ 2015ರಲ್ಲಿ ಕ್ಲಾರ್ಕ್ಸನ್ ಹೊರಬಿದ್ದ, ಉಳಿದಿಬ್ಬರೂ ಅವನ ಹಿಂದೆ ಹೋದರು. ಅದೇ ಡನ್ಸ್‌ಫೋಲ್ಡ್, ಅದೇ ಸ್ಟಿಗ್. ಆದರೂ ಹೊಸ ಮುಖ್ಯ ನಿರೂಪಕ ಕ್ರಿಸ್ ಇವಾನ್ಸ್ ಒಂದೇ ಸರಣಿಗೆ ಕೈಚೆಲ್ಲಿದರು. ಹುಟ್ಟಿದ ಮನೆಯಲ್ಲೇ ಅದು ತನ್ನದೇ ರೂಪಾಂತರವಾಗಿತ್ತು. ಮುಂದೆ ಕ್ರಿಕೆಟಿಗ ಆಂಡ್ರ್ಯೂ ಫ್ಲಿಂಟಾಫ್, ಪ್ಯಾಡಿ ಮೆಗಿನೆಸ್ ಬಂದು, ಮೊದಲೇ ಇದ್ದ ಕ್ರಿಸ್ ಹ್ಯಾರಿಸ್ ಜತೆ ಸೇರಿ ಯಾರನ್ನೂ ಅನುಕರಿಸದೆ ತಾವು ತಾವಾಗಿದ್ದಾಗ ಅದಕ್ಕೆ ಮತ್ತೆ ಜೀವ ಬಂತು. 2022ರ ಡಿಸೆಂಬರಿನಲ್ಲಿ ಫ್ಲಿಂಟಾಫ್ ಚಿತ್ರೀಕರಣದ ವೇಳೆ ತೀವ್ರವಾಗಿ ಗಾಯಗೊಂಡ ಮೇಲೆ ಅದೂ ನಿಂತಿತು.

ನಮಗೂ ಇದರಲ್ಲಿ ಒಂದು ಪಾಲಿದೆ. 2011ರ ಕ್ರಿಸ್‌ಮಸ್ ವಾರದಲ್ಲಿ ಪ್ರಸಾರವಾದ ಭಾರತ ಯಾತ್ರೆಯ ಕಂತಿನಲ್ಲಿ ಕ್ಲಾರ್ಕ್ಸನ್ ತನ್ನ ಜಾಗ್ವಾರಿನ ಹಿಂಭಾಗಕ್ಕೆ ಕಕ್ಕಸು ಕಟ್ಟಿಸಿಕೊಂಡು ತಿರುಗಿದ. ಲಂಡನ್ನಿನ ಭಾರತೀಯ ಹೈಕಮಿಷನ್ ದೂರು ಕೊಟ್ಟಿತು, ಬಿಬಿಸಿ ಸಮರ್ಥಿಸಿಕೊಂಡಿತು. ಅದಕ್ಕೂ ಮೊದಲೇ ಅವರ ಗೇಲಿಗೆ ಸಿಕ್ಕದ್ದು ನಮ್ಮ ಬೆಂಗಳೂರಿನ ರೇವಾ. ಚೇತನ್ ಮೈನಿ ಅವರ ಆ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಇಲ್ಲಿ ರಸ್ತೆಗಿಳಿದು, ಲಂಡನ್ನಿನಲ್ಲಿ ಜಿ-ವಿಝ್ ಹೆಸರಿನಲ್ಲಿ ಓಡಿತು. ಕ್ಲಾರ್ಕ್ಸನ್‌ಗೆ ಅದೊಂದು ಆಟಿಕೆ. 2007ರಲ್ಲಿ ‘ಟಾಪ್ ಗೇರ್’ ಪತ್ರಿಕೆ ಅದಕ್ಕೆ ಡಿಕ್ಕಿ ಪರೀಕ್ಷೆಯನ್ನೂ ಮಾಡಿಸಿ ಸುರಕ್ಷತೆಯ ಪ್ರಶ್ನೆ ಎತ್ತಿತು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಬೆಂಗಳೂರಿಗನೊಬ್ಬ ರೇವಾ ನೋಡಿ ನಗುವುದಾದರೆ ಬೇರೆ ಥರ ನಗುತ್ತಾನೆ. ವಿದ್ಯುತ್ ಕಾರಿನ ಹೆಸರೂ ಬಹಳ ಮಂದಿ ಕೇಳಿರದ ಕಾಲದಲ್ಲಿ ಅದನ್ನು ಮಾಡಿದ ಊರು, ಅದನ್ನು ಲಂಡನ್ನಿನವರಿಗೆ ಒಪ್ಪಿಸಿ ತಾನು ಪೆಟ್ರೋಲ್ ಹೊಗೆ ಕುಡಿಯುತ್ತ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಏಕೆ ನಿಂತಿತು? ಈ ತಮಾಷೆಯಲ್ಲಿ ಚುಚ್ಚೂ ಇದೆ, ಅಭಿಮಾನವೂ ಇದೆ. ಡನ್ಸ್‌ಫೋಲ್ಡಿನಿಂದ ನೋಡುವವನಿಗೆ ಎರಡೂ ಕಾಣವು.

ಹಾಗಾಗಿ ನಾಳೆ ನಮ್ಮ ವಾಹಿನಿಯವರು ಇಂಥದೊಂದನ್ನು ಕನ್ನಡಕ್ಕೆ ತರುವುದಾದರೆ ಟ್ರ್ಯಾಕನ್ನೂ ಹೆಲ್ಮೆಟ್ಟನ್ನೂ ಆಮೇಲೆ ಹುಡುಕಲಿ. ಕ್ಯಾಮೆರಾ ಇಲ್ಲದಾಗಲೂ ಅಂಬಾಸಡರ್, ಮಾರುತಿ, ಬುಲೆಟ್ ಎಂದು ಕಿತ್ತಾಡುವ ಮೂವರು ಗೆಳೆಯರನ್ನು ಮೊದಲು ಹುಡುಕಲಿ. ಅವರು ಸಿಕ್ಕಿಬಿಟ್ಟರೆ ಬಿಬಿಸಿಗೆ ಪರವಾನಗಿಯ ದುಡ್ಡು ಕಟ್ಟುವ ಅಗತ್ಯವೇ ಬೀಳಲಿಕ್ಕಿಲ್ಲ.