ಕಪ್ಪಗಿರೋದೆಲ್ಲ ಸತ್ವ ಅಲ್ಲ: ಹ್ಯೂಮಿಕ್ ಕೊಳ್ಳುವ ಮುನ್ನ ಇದನ್ನು ಓದಿ

ಗೊಬ್ಬರದ ಅಂಗಡಿಯಲ್ಲಿ ಯೂರಿಯಾ ಕೇಳಿದರೆ ಜೊತೆಗೊಂದು ಹ್ಯೂಮಿಕ್ ಬಾಟಲಿಯನ್ನೂ ಕೈಗಿಡೋದು ಈಗ ಮಾಮೂಲಿ. "ನೋಡಿ ಎಷ್ಟು ಕಪ್ಪಗಿದೆ, ಭೂಮಿಗೆ ಇದೇ ಟಾನಿಕ್" ಅಂತಾರೆ. ನಾವೂ ಬಣ್ಣ ನೋಡಿ ದುಡ್ಡು ಕೊಟ್ಟು ಬರ್ತೀವಿ. ಹೀಗೆ ಕೊಳ್ಳೋದು ತಪ್ಪು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ. ನಡುವೆ ಸ್ವಲ್ಪ ವಿಜ್ಞಾನ ಬರುತ್ತೆ, ಬಿಟ್ಟು ಹೋಗಬೇಡಿ.

ಎಲೆ, ಬೇರು, ಸಗಣಿ ಕೊಳೆತ ಮೇಲೆ ಉಳಿಯುವ ಕಪ್ಪು-ಕಂದು ಅಂಶವೇ ಹ್ಯೂಮಸ್. ಇದರೊಳಗೆ ಫ್ರೀ ರ‍್ಯಾಡಿಕಲ್‌ಗಳು, ಅಂದರೆ ಜೋಡಿ ಇಲ್ಲದ ಒಂಟಿ ಎಲೆಕ್ಟ್ರಾನ್ ಇರುವ ಕಣಗಳು ಇವೆ. ಸಾಮಾನ್ಯವಾಗಿ ಇಂಥವು ಹುಟ್ಟಿದ ಕ್ಷಣದಲ್ಲೇ ಬೇರೆ ಯಾವುದಕ್ಕಾದರೂ ಅಂಟಿಕೊಂಡು ಮಾಯ ಆಗ್ತವೆ. ಹ್ಯೂಮಸ್‌ನಲ್ಲಿ ಮಾತ್ರ ಗಟ್ಟಿಯಾಗಿ ಉಳೀತವೆ. ಅದರ ಉಂಗುರದಂಥ ರಚನೆಗಳಲ್ಲಿ ಒಂಟಿ ಎಲೆಕ್ಟ್ರಾನ್ ಹರಡಿಕೊಂಡು ನೆಮ್ಮದಿಯಾಗಿರೋದೇ ಇದಕ್ಕೆ ಕಾರಣ. ವಿಜ್ಞಾನಿಗಳು ಇದನ್ನು ಸೆಮಿಕ್ವಿನೋನ್ ಅಂತ ಕರೀತಾರೆ.

ಕಣ್ಣಿಗೆ ಕಾಣದ್ದು ಗೊತ್ತಾಗಿದ್ದು ಹೇಗೆ? ಇಎಸ್‌ಆರ್ ಅನ್ನೋ ಯಂತ್ರದಿಂದ. ಸೋವಿಯತ್ ಒಕ್ಕೂಟದ ಕಜಾನ್‌ನಲ್ಲಿ 1944ರಲ್ಲಿ ಯೆವ್ಗೆನಿ ಜವೊಯ್ಸ್ಕಿ ಈ ವಿಧಾನ ಕಂಡುಹಿಡಿದರು. ಮಾದರಿಯನ್ನು ಬಲವಾದ ಆಯಸ್ಕಾಂತದ ನಡುವೆ ಇಟ್ಟು ಮೈಕ್ರೋವೇವ್ ಬಿಡ್ತಾರೆ. ಒಂಟಿ ಎಲೆಕ್ಟ್ರಾನ್‌ಗಳು ಅದನ್ನು ಹೀರಿಕೊಂಡರೆ ಪರದೆ ಮೇಲೆ ಗೆರೆ ಮೂಡುತ್ತೆ. 1960ರ ದಶಕದಲ್ಲೇ ಹ್ಯೂಮಿಕ್ ಆಮ್ಲದಲ್ಲಿ ಈ ಗೆರೆ ಸಿಕ್ಕಿತ್ತು. ಗಾಳಿ ಇಲ್ಲದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ತಮ್ಮ ಎಲೆಕ್ಟ್ರಾನ್ ಅನ್ನು ಹ್ಯೂಮಸ್‌ಗೆ ದಾಟಿಸಬಲ್ಲವು, ಹ್ಯೂಮಸ್ ಅದನ್ನು ಕಬ್ಬಿಣಕ್ಕೆ ಕೊಡಬಲ್ಲದು ಅಂತ 1996ರಲ್ಲಿ ಡೆರೆಕ್ ಲವ್ಲಿ ಮತ್ತು ಜೊತೆಗಾರರು ತೋರಿಸಿದರು. ಅಂದರೆ ನೀರು ನಿಂತ ಗದ್ದೆಯಲ್ಲಿ ಹ್ಯೂಮಸ್ ಸುಮ್ಮನೆ ಕೂತಿರಲ್ಲ, ಕೊಡು-ತಗೋ ವ್ಯವಹಾರ ಮಾಡುತ್ತೆ.

ಹಾಗಾದರೆ ರ‍್ಯಾಡಿಕಲ್ ಜಾಸ್ತಿ ಇದ್ದಷ್ಟೂ ಒಳ್ಳೆಯದಾ? ಅಲ್ಲ. ಹ್ಯೂಮಿಕ್ ದ್ರಾವಣಕ್ಕೆ ಕ್ಷಾರ ಹಾಕಿದರೆ ಸಾಕು, ಈ ಗೆರೆ ದೊಡ್ಡದಾಗುತ್ತೆ. ಇದ್ದಿಲಿನಲ್ಲೂ ಇಂಥ ರ‍್ಯಾಡಿಕಲ್‌ಗಳಿವೆ. ಅವು ಜಾಸ್ತಿಯಾದಾಗ ಮೆಕ್ಕೆಜೋಳ, ಗೋಧಿ, ಭತ್ತದ ಮೊಳಕೆಗೇ ತೊಂದರೆ ಆಗಬಹುದು ಅಂತ 2014ರ ಒಂದು ಅಧ್ಯಯನ ಹೇಳಿದೆ. ಅಷ್ಟು ದುಬಾರಿ ಯಂತ್ರದ ಗೆರೆಯೇ ಇಳುವರಿಯ ಅಳತೆ ಅಲ್ಲ ಅಂದಮೇಲೆ, ಬಾಟಲಿಯ ಬಣ್ಣ ಯಾವ ಲೆಕ್ಕ?

ಮಾರುಕಟ್ಟೆಯ ಹ್ಯೂಮಿಕ್ ಬಹುಪಾಲು ಲಿಗ್ನೈಟ್‌ನಂಥ ಕಲ್ಲಿದ್ದಲನ್ನು ಕ್ಷಾರದಲ್ಲಿ ಕರಗಿಸಿ ತೆಗೆದದ್ದು. ಅದು ಪೂರ್ತಿ ದಂಡ ಅಂತ ನಾನು ಹೇಳಲ್ಲ. ಕೆಲವು ಮಣ್ಣಲ್ಲಿ, ಕೆಲವು ಬೆಳೆಗೆ ಬೇರು ಚೆನ್ನಾಗಿ ಬಿಡುತ್ತೆ. ಎಲ್ಲ ಕಡೆ ಒಂದೇ ಫಲ ಸಿಗಲ್ಲ ಅಷ್ಟೇ. ಆದರೆ ಎಕರೆಗೆ ಒಂದೆರಡು ಲೀಟರ್ ಹಾಕಿ ಭೂಮಿಯ ಹ್ಯೂಮಸ್ ತುಂಬಿಸೋಕೆ ಆಗಲ್ಲ.

ನನ್ನ ಸಲಹೆ ಇಷ್ಟು. ಮೊದಲು ನಿಮ್ಮ ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ ನೋಡಿ. ಶೇ. 0.5ಕ್ಕಿಂತ ಕಡಿಮೆ ಇದ್ದರೆ ಬಾಟಲಿ ದುಡ್ಡನ್ನು ಕೊಟ್ಟಿಗೆ ಗೊಬ್ಬರಕ್ಕೆ, ಸೆಣಬು-ಡಯಂಚ ಬೀಜಕ್ಕೆ ಹಾಕಿ. ಕಬ್ಬಿನ ರವದಿಗೆ ಬೆಂಕಿ ಇಡಬೇಡಿ.

ಆಮೇಲೂ ಹ್ಯೂಮಿಕ್ ಬೇಕು ಅನಿಸಿದರೆ ಬಿಲ್ ತಗೊಳ್ಳಿ, ಹ್ಯೂಮಿಕ್ ಅಂಶ ಶೇಕಡಾ ಎಷ್ಟು ಅಂತ ಲೇಬಲ್ ಓದಿ. 2021ರಿಂದ ಇಂಥ ಜೈವಿಕ ಉತ್ತೇಜಕಗಳು ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿವೆ, ಕೇಳೋ ಹಕ್ಕು ನಿಮಗಿದೆ. ಹೊಲದಲ್ಲಿ ನಾಲ್ಕು ಸಾಲಿಗೆ ಹಾಕದೆ ಬಿಡಿ. ಮೊಬೈಲ್‌ನಲ್ಲಿ ವಾರಕ್ಕೊಂದು ಫೋಟೋ ತೆಗೀರಿ, ಕೊಯ್ಲಲ್ಲಿ ಎರಡನ್ನೂ ಬೇರೆ ಬೇರೆ ತೂಗಿ. ಅಂಗಡಿಯವರ ಮಾತಿಗಿಂತ ನಿಮ್ಮ ತಕ್ಕಡಿ ನಂಬಿ.