ದುಡ್ಡು ತರುವವರು, ಊರಿಗೆ ಹೋಗುವವರು

ಪಿಎಚ್‌.ಡಿ.ಗೆ ಸೇರುವ ಮೊದಲು ರಾಯಚೂರು ಜಿಲ್ಲೆಯಲ್ಲಿ ಮಕ್ಕಳಿಗೆ ಓದು ಕಲಿಸುವ ಸಂಸ್ಥೆಯೊಂದರಲ್ಲಿ ಎರಡು ವರ್ಷ ಕೆಲಸ ಮಾಡಿದೆ. ಕನ್ನಡ ಎಂ.ಎ. ಆದವನೆಂದು ಬೆಂಗಳೂರಿನ ದೇಣಿಗೆ ವಿಭಾಗಕ್ಕೆ 'ಯಶೋಗಾಥೆ' ಬರೆದುಕೊಡುವುದೂ ನನ್ನ ಪಾಲಿಗೆ ಬಂತು. ಒಮ್ಮೆ, ಅಕ್ಷರ ಬಾರದಿದ್ದ ಹುಡುಗಿ ಈಗ ಪತ್ರಿಕೆ ಓದುತ್ತಾಳೆ ಎಂದು ಬರೆದೆ. ಊರಿನ ಕಾರ್ಯಕರ್ತೆ ಅದನ್ನು ನೋಡಿ, "ಆಕಿ ಬಂದಿದ್ದ ಹನ್ನೊಂದು ದಿನ ರೀ ಸರ. ಈಗ ಅಪ್ಪ-ಅವ್ವನ ಜೋಡಿ ಗುಳೆ ಹೋಗ್ಯಾಳ" ಅಂದರು. ಕಚೇರಿಗೆ ತಿಳಿಸಿದೆ. "ಇವರ ಸಂಬಳ ಎಲ್ಲಿಂದ ಬರುತ್ತೆ ಅಂದ್ಕೊಂಡಿದ್ದಾರೆ?" ಎಂಬ ಉತ್ತರ ಬಂತು. ಬರಹ ಹಾಗೇ ಹೋಯಿತು.

ಇಂಥ ಜಗಳಕ್ಕೆ ಸಂಸ್ಥೆಗಳ ಮದ್ದು ಒಂದೇ: ರೆಸಾರ್ಟಿನಲ್ಲಿ ಒಂದು ದಿನದ ಕಾರ್ಯಾಗಾರ. ಪರಸ್ಪರ ಮಾತಾಡಿದರೆ ಎಲ್ಲ ಸರಿಹೋಗುತ್ತದಂತೆ! ಇದು ಮಾತಿನ ಕೊರತೆಯಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಆ ಹಣದ ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ. ಗುಳೆ ಹೊರಡುವ ಕುಟುಂಬದ ಲೆಕ್ಕ ಸುಗ್ಗಿಗೆ ಮುಗಿಯುತ್ತದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿತು. ಶಿಕ್ಷಕರ ಸಂಬಳ ಈ ಮಿತಿಯಿಂದ ಹೊರಗೆ, ಕಚೇರಿ ನಿರ್ವಹಣೆಯವರದು ಒಳಗೆ. ಒಬ್ಬರು 'ಕೆಲಸ', ಇನ್ನೊಬ್ಬರು 'ಖರ್ಚು' ಎಂಬ ಗೆರೆಯನ್ನು ಕಾನೂನೇ ಎಳೆದಿರುವಾಗ ಕಾರ್ಯಾಗಾರದ ಆಟಗಳು ಅದನ್ನು ಅಳಿಸುತ್ತವೆಯೇ?

ಹಾಗೆಂದು ಊರಿನಲ್ಲಿ ಕೆಲಸ ಮಾಡುವ ನಾವೇನೂ ಸಾಚಾಗಳಲ್ಲ. ದುಡ್ಡು ಮುಟ್ಟಿದವರು ಮೈಲಿಗೆ ಎಂಬ ಮಡಿ ನಮ್ಮಲ್ಲೂ ಇತ್ತು. ತಿಂಗಳ ಸಂಬಳ ಎಣಿಸಿಕೊಂಡೇ ಅದನ್ನು ತಂದವರನ್ನು ಆಡಿಕೊಂಡೆವು. ಪ್ರಪೋಸಲ್‌ನಲ್ಲಿ ಮಕ್ಕಳ ಸಂಖ್ಯೆ ಉಬ್ಬಿದ್ದು ಗೊತ್ತಿದ್ದೂ ಸುಮ್ಮನಿದ್ದು, ಆಮೇಲೆ ಹಾಜರಿ ಪುಸ್ತಕ ತುಂಬಿದವರು ನಾವೇ.

ಆದ್ದರಿಂದ ನನ್ನ ವಾದ ಇಷ್ಟು. ಊರಿನ ಕಾರ್ಯಕರ್ತೆಯ ಸಹಿ ಇಲ್ಲದೆ ಯಾವ ಸಂಖ್ಯೆಯೂ ಪ್ರಪೋಸಲ್‌ಗೆ ಹೋಗಬಾರದು. ದಾನಿಗಳ ಸಭೆಯಲ್ಲಿ ಆಕೆಯೂ ಕೂರಬೇಕು, ತನ್ನ ಕನ್ನಡದಲ್ಲೇ ಮಾತಾಡಬೇಕು. ಅನುವಾದ ಕಚೇರಿಯ ಕೆಲಸ. ದೇಣಿಗೆ ವಿಭಾಗದವರು ಸುಗ್ಗಿಯಲ್ಲಿ ಒಂದು ವಾರ ಊರಿನಲ್ಲಿರಬೇಕು. ದಾನಿಗಳು ಓಡಿಹೋಗುತ್ತಾರೆ ಎನ್ನುವಿರಾ? ಕೆಲವರು ಹೋಗಬಹುದು. ಆದರೆ ಸುಳ್ಳಿಗೆ ಬಂದ ದುಡ್ಡು ಮುಂದಿನ ವರ್ಷ ಇನ್ನೂ ದೊಡ್ಡ ಸುಳ್ಳನ್ನು ಕೇಳುತ್ತದೆ.

ಸಾಹಿತ್ಯ ಓದುತ್ತಿರುವ ಗೆಳೆಯರೇ, ಭಾಷೆ ಚೆನ್ನಾಗಿದೆ ಎಂದು ಈ ಕೆಲಸ ನಾಳೆ ನಿಮ್ಮನ್ನೂ ಹುಡುಕಿಕೊಂಡು ಬರುತ್ತದೆ. ಬರೆದದ್ದನ್ನು ಕಳಿಸುವ ಮುಂಚೆ ಆ ಮಗುವಿನ ಮನೆಯಲ್ಲಿ ಒಮ್ಮೆ ಓದಿ ಹೇಳಿ. ನಾನು ಓದಿ ಹೇಳಲಿಲ್ಲ.