ಬಾಗಿಲ ಕಾವಲೂ ಮಕ್ಕಳ ಮನಸ್ಸೂ

ಅಮೆರಿಕಾ ದೇಶದಲ್ಲಿ ಸಂಸಾರ ಹೂಡಿರುವ ನಮ್ಮ ಮಗಳು ಮೊನ್ನೆ ದೂರವಾಣಿಯಲ್ಲಿ ಒಂದು ಪ್ರಶ್ನೆಯನ್ನು ಕೇಳಿದಳು. “ಅಪ್ಪಾ, ಮಕ್ಕಳ ಶಾಲೆಯಲ್ಲಿರುವ ಹಣಕ್ಕೆ ಒಬ್ಬ ಪೋಲೀಸನನ್ನು ಇಡಬೇಕೋ, ಮಕ್ಕಳ ಕಷ್ಟಸುಖ ವಿಚಾರಿಸುವ ಸಲಹೆಗಾರ್ತಿಯೊಬ್ಬಳನ್ನು ಇಡಬೇಕೋ ಎಂದು ಪೋಷಕರ ಸಭೆ ಕರೆದಿದ್ದಾರೆ. ನೀವೇನೆನ್ನುವಿರಿ?” ಜೀವಮಾನವೆಲ್ಲ ಪಾಠ ಹೇಳಿದವನಿಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಬಂದೂಕು ಹಿಡಿದು ಶಾಲೆಗೆ ನುಗ್ಗುವವರಿರುವ ದೇಶದಲ್ಲಿ ಇದೆಂತಹ ಸಂಶಯವೆಂದು ವಾಚಕರು ಕೇಳಿಯಾರು. 2022ರಲ್ಲಿ ಟೆಕ್ಸಾಸ್ ಸಂಸ್ಥಾನದ ಯುವಾಲ್ಡಿ ಎಂಬ ಊರಿನ ಶಾಲೆಗೆ 376 ಮಂದಿ ಆರಕ್ಷಕರು ಬಂದೊದಗಿದರು. ಹಾಗಿದ್ದೂ ಕೊಲೆಗಾರನಿದ್ದ ಕೊಠಡಿಯನ್ನು ಹೊಗಲು ಒಂದು ಗಂಟೆಗೂ ಮಿಕ್ಕಿ ಹಿಡಿಯಿತು. 19 ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಮಡಿದರು.

ಹಾಗೆಂದು ಕಾವಲೇ ಬೇಡವೆನ್ನಲಾದೀತೆ? ಡೆನ್ವರ್ ನಗರದ ಶಾಲಾಮಂಡಲಿಯವರು 2020ರಲ್ಲಿ ಪೋಲೀಸರನ್ನು ಶಾಲೆಗಳಿಂದ ಹಿಂತೆಗೆಯಲು ನಿರ್ಣಯಿಸಿದರು. ಪೋಲೀಸರಿದ್ದಲ್ಲಿ ಹುಡುಗಾಟಿಕೆಯೂ ಅಪರಾಧವೆನಿಸಿ ಠಾಣೆಯನ್ನು ಸೇರುವುದು, ಅದರಲ್ಲಿಯೂ ಕರಿಯರ ಮಕ್ಕಳಿಗೆ ಈ ಗತಿ ಹೆಚ್ಚು ಎಂಬ ದೂರು ನಿರಾಧಾರವಾದುದಲ್ಲ. ಆದರೆ ಪೋಲೀಸರು ಹೋದರೂ ಅವರ ಕೆಲಸ ಹೋಗಲಿಲ್ಲ. ಅಲ್ಲಿನ ಈಸ್ಟ್ ಪ್ರೌಢಶಾಲೆಯಲ್ಲಿ ಒಬ್ಬ ವಿದ್ಯಾರ್ಥಿಯ ಮೈಯನ್ನು ಪ್ರತಿದಿನವೂ ತಡವಿ ನೋಡಬೇಕೆಂದು ಗೊತ್ತುಮಾಡಿದ್ದರು; ಆ ಕೆಲಸ ಬಿದ್ದದ್ದು ಶಾಲೆಯ ಅಧಿಕಾರಿಗಳ ಮೇಲೆ. 2023ರ ಮಾರ್ಚಿಯಲ್ಲಿ ಅವನು ಅವರಲ್ಲಿ ಇಬ್ಬರಿಗೆ ಗುಂಡಿಕ್ಕಿದನು. ಅವರು ಬದುಕಿದರು, ಹುಡುಗನು ಅದೇ ರಾತ್ರಿ ಊರಾಚೆ ಶವವಾಗಿ ದೊರೆತನು. ಜೂನ್ ತಿಂಗಳಲ್ಲಿ ಮಂಡಲಿಯವರು ಪೋಲೀಸರನ್ನು ಮರಳಿ ಕರೆದರು.

ಇದನ್ನೋದಿದಾಗ ನನ್ನದೇ ಒಂದು ತಪ್ಪು ನೆನಪಾಯಿತು. ಯಾರದೋ ಗಡಿಯಾರ ಕಳೆದುದೆಂದು ಒಬ್ಬ ಹುಡುಗನ ಚೀಲವನ್ನು ತರಗತಿಯ ಎದುರಿನಲ್ಲಿಯೇ ಶೋಧಿಸಿದೆನು. ಏನೂ ಸಿಗಲಿಲ್ಲ. ರಾಮಶಬ್ದದ ವಿಭಕ್ತಿಯಲ್ಲಿ ತೊಡಕಾದರೂ ನನ್ನಲ್ಲಿಗೆ ಓಡಿಬರುತ್ತಿದ್ದ ಆ ಬಾಲಕನು ಆಮೇಲೆ ವರ್ಷವೆಲ್ಲ ಒಂದು ಸಂಶಯವನ್ನೂ ಕೇಳಲಿಲ್ಲ. ಜೇಬು ತಡವಿದ ಕೈಗೆ ಯಾವ ಮಗುವು ತನ್ನ ಗುಟ್ಟನ್ನು ಒಪ್ಪಿಸೀತು?

250 ಮಕ್ಕಳಿಗೆ ಒಬ್ಬ ಸಲಹೆಗಾರರಿರಬೇಕೆಂದು ಅಲ್ಲಿನ ಸಲಹೆಗಾರರ ಸಂಘದವರ ಮತ. ಆದರೆ ಪೋಲೀಸರಿದ್ದೂ ಸಲಹೆಗಾರ, ದಾದಿ, ಮನಶ್ಶಾಸ್ತ್ರಜ್ಞ, ಸಮಾಜಸೇವಕರಲ್ಲಿ ಒಬ್ಬರೂ ಇಲ್ಲದ ಶಾಲೆಗಳಲ್ಲಿ ಒಂದು ಕೋಟಿ ನಲವತ್ತು ಲಕ್ಷ ಮಕ್ಕಳು ಓದುತ್ತಿದ್ದರೆಂದು 2019ರ ವರದಿಯೊಂದು ತಿಳಿಸಿತು.

ಬಾಗಿಲ ಕಾವಲನ್ನು ಅದನ್ನು ಬಲ್ಲವನಿಗೇ ಬಿಡಿ, ತರಗತಿಯ ತಂಟೆಗೆ ಅವನನ್ನು ಕರೆಯದಿರಿ. ಸಲಹೆಗಾರ್ತಿ ಇಲ್ಲವಾದರೆ ಮೊದಲು ಆಕೆಯನ್ನು ನೇಮಿಸಿ ಎಂದು ಮಗಳಿಗೆ ಹೇಳಿದೆನು. “ಎರಡಕ್ಕೂ ಹಣವಿಲ್ಲವಲ್ಲಪ್ಪಾ,” ಎಂದಳು. ಹಾಗಾದರೆ ಈಗ ಎಷ್ಟು ಮಕ್ಕಳಿಗೆ ಒಬ್ಬರಿರುವರೆಂದೂ, ಸಂದೇಹಕ್ಕೀಡಾದ ಹುಡುಗನ ಚೀಲವನ್ನು ಬೆಳಿಗ್ಗೆ ಯಾರು ನೋಡುವರೆಂದೂ ಸಭೆಯಲ್ಲಿ ಎದ್ದುನಿಂತು ಕೇಳಮ್ಮ ಎಂದೆನು. ಸಭೆ ಬರುವ ಗುರುವಾರವಂತೆ.